ನೆನೆಸಿದ ರೊಟ್ಟಿ

ಇಟ್ಟಂಗಿಹಾಳ
ಗುರುವಾರ, 5-2-2026

ನನ್ನ ಅವ್ವಾ,

ಹೇಗಿದ್ದೀ? ಮಂಡಿನೋವು ಹೇಗಿದೆ? ಬಬಲೇಶ್ವರದ ಮಾವನ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದು ಇಳಿ. ನಾನು, ಕಾವ್ಯಾ ಇಲ್ಲಿ ಉಸಿರಾಡಿಕೊಂಡು ಇದ್ದೇವೆ, ಅಷ್ಟೇ. ನಿನ್ನ ಸೊಸೆ ಊಟ ಬಡಿಸುತ್ತಾಳೆ, ಮಾತು ಮಾತ್ರ ಆಡುವುದಿಲ್ಲ. ನೀನು ಫೋನು ಬಂದ್ ಮಾಡಿಟ್ಟು ಒಂಬತ್ತು ದಿನವಾಯಿತು. ಎರಡು ಸಲ ಬಂದೆ. ಅಮರಪ್ಪ ಮಾವ ಬಾಗಿಲಲ್ಲೇ ನಿಂತು, “ಅಕ್ಕ ನಿನ್ನ ಮಾರಿ ನೋಡಂಗಿಲ್ಲ ಅಂದಾಳ, ಹೋಗಪಾ” ಎಂದರು. ನಿನ್ನ ಹಟ ನನಗೆ ಗೊತ್ತಿಲ್ಲವೇ, ಅದನ್ನೇ ಅಲ್ಲವೇ ನನಗೂ ಕೊಟ್ಟಿರುವುದು! ಅದಕ್ಕೇ ಬರೆದು, ದಿನಾ ಅಲ್ಲಿಗೆ ರಾತ್ರಿ ಡ್ಯೂಟಿಗೆ ಹೋಗುವ ನರ್ಸ್ ಸಬೀರಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವ ಮೊದಲು ಒಮ್ಮೆ ಓದು.

ತಪ್ಪು ನನ್ನದು ಅವ್ವಾ. ಕುರಿಯ ವಯಸ್ಸು ತಿಳಿಯಬೇಕಾದರೆ ಕೆಳತುಟಿ ಸರಿಸಿ ಹಲ್ಲು ಎಣಿಸಬೇಕು ಎಂದು ಅಪ್ಪ ಕಲಿಸಿದ್ದ. ಎರಡು ಹಲ್ಲು, ನಾಲ್ಕು ಹಲ್ಲು, ಎಂಟು ತುಂಬಿದರೆ ಪ್ರಾಯ, ಉದುರಿದರೆ ಮುದಿ. ಅಪ್ಪ ಹೋದ ಮೇಲೆ ಊರಲ್ಲಿ ನನ್ನಷ್ಟು ಹಲ್ಲು ಬಲ್ಲವರು ಯಾರೂ ಇಲ್ಲವೆಂದು ಮೆರೆದೆ. ಮೂರು ವರ್ಷದ ಹಿಂದೆ ನೀನು ತಿಕೋಟಾ ಸಂತೆಯಿಂದ ತಂದಾಗ ಆ ಏಳು ಕುರಿಗಳ ಬಾಯಿ ನಾನು ನೋಡಿರಲಿಲ್ಲ. ಒಂಬತ್ತು ದಿನದ ಹಿಂದೆ ತೆರೆದು ನೋಡಿ, ಮುಂದಿನ ಹಲ್ಲುಗಳೇ ಇಲ್ಲದ್ದನ್ನು ಕಂಡು, ಓಣಿಯ ಜನರೆದುರು, “ಮುದಿ ಕುರಿ ತಂದು, ಎರಡ ಹಲ್ಲಿನವು ಅಂತ ನನಗ ಸುಳ್ಳ ಹೇಳಿದಿ” ಎಂದುಬಿಟ್ಟೆ. ಹೆತ್ತವಳ ಮಾತಿಗಿಂತ ಕುರಿಯ ಬಾಯಿಯನ್ನು ನಂಬಿದೆ. ನೀನು ಚೀಲ ಹಿಡಿದು ಬಬಲೇಶ್ವರದ ಬಸ್ ಹತ್ತಿದೆ. ಅದೇ ಸಿಟ್ಟಿನಲ್ಲಿ ನಾನು ಮೂರನ್ನು ಲಾಡಲೇಸಾಬನ ಮಾಂಸದ ಅಂಗಡಿಗೆ ಹೊಡೆದುಕೊಂಡು ಹೋದೆ. ಅವನು ಅವುಗಳ ಮೈ ಸವರಿ, “ತಮ್ಮಾ, ಇವು ಮುದಿ ಅಲ್ಲೋ, ಹೊಟ್ಟಿಗಿಲ್ದ ಸೊರಗ್ಯಾವ. ಇನ್ನೊಮ್ಮಿ ವಿಚಾರ ಮಾಡು” ಎಂದ. ನಾನು ಕೇಳಲಿಲ್ಲ.

ಮೊನ್ನೆ ಉಳಿದ ನಾಲ್ಕೂ ಮೇವು ಬಿಟ್ಟವು. ತಿಕೋಟಾದಿಂದ ದನದ ಡಾಕ್ಟರರನ್ನು ಕರೆತಂದೆ. ಅವರು ನಿನ್ನ ಮುದ್ದಿನ ಕುರಿ ಚಂದ್ರಿಯ ಒಸಡು ಒತ್ತಿದರು, ಕೀವು ಬಂತು, ನಾತ ತಡೆಯಲಾಗಲಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳು ಹಲ್ಲಿನ ಬುಡಕ್ಕೆ ಜಿಗಟು ಪದರ ಕಟ್ಟುತ್ತವಂತೆ, ನಮ್ಮ ನೀರಿನ ಬಾನಿಯ ಒಳಗೆ ಲೋಳೆ ಹಿಡಿಯುವ ಹಾಗೆ. ಅದು ಒಸಡನ್ನು ಹಲ್ಲಿನಿಂದ ಬಿಡಿಸಿ, ಒಳಗಿನ ಎಲುಬನ್ನೂ ತಿಂದು, ಪ್ರಾಯದ ಕುರಿಯ ಹಲ್ಲನ್ನೇ ಉದುರಿಸುತ್ತದಂತೆ. “ದವಡಿ ಹಲ್ಲು ಸವದಿಲ್ಲ, ಇವಕ್ಕ ಐದು ವರ್ಷನೂ ಆಗಿಲ್ರಿ. ನಿಮ್ಮ ಅವ್ವಾರು ಹೇಳಿದ್ದ ಖರೇ. ಹೋದ ಹಲ್ಲು ಬರಂಗಿಲ್ಲ, ಮೆತ್ತಂದು ತಿನ್ನಿಸಿದ್ರ ಬದುಕತಾವ” ಎಂದರು. ನಾನು ಕೊಟ್ಟುಬಂದ ಆ ಮೂರಕ್ಕೂ ಅಷ್ಟೇ ಸಾಕಿತ್ತು ಅವ್ವಾ. ಅವನ್ನು ಎಲ್ಲಿಂದ ತರಲಿ?

ಔಷಧ ಹಾಕಿದ ಮೇಲೆ ಮೂರು ಕುರಿ ನುಚ್ಚಿನ ಗಂಜಿ ಕುಡಿಯುತ್ತಿವೆ. ಚಂದ್ರಿ ಒಬ್ಬಳೇ ಮುಟ್ಟುತ್ತಿಲ್ಲ. ಅವಳೀಗ ತುಂಬು ಗಬ್ಬ. “ಇನ್ನೆರಡು ದಿನ ಹಿಂಗ ಉಪವಾಸ ಇದ್ರ ತಾಯಿ, ಮರಿ ಎರಡೂ ಉಳಿಯಂಗಿಲ್ರಿ” ಎಂದಿದ್ದಾರೆ ಡಾಕ್ಟರು. ನೀನು ದಿನಾ ಹಿತ್ತಲಲ್ಲಿ ಕೂತು ಬೋಗುಣಿಯಲ್ಲಿ ರೊಟ್ಟಿ ನೆನೆಸಿ ಅವಳಿಗೆ ತಿನ್ನಿಸುವಾಗ, ಮುದ್ದು ಮಾಡಿ ಕೆಡಿಸುತ್ತೀ ಎಂದು ಗೇಲಿ ಮಾಡುತ್ತಿದ್ದೆನಲ್ಲ, ಇಂದು ಬೆಳಿಗ್ಗೆ ಅದೇ ಬೋಗುಣಿ ಹಿಡಿದು ಕೂತೆ. ಮೂಸಿಯೂ ನೋಡಲಿಲ್ಲ. ಕೊನೆಗೆ ನಿನ್ನ ಹಳೆಯ ಇಳಕಲ್ ಸೀರೆಯನ್ನು ತಲೆಮೇಲೆ ಹೊದ್ದುಕೊಂಡೆ. ನಗಬೇಡ. ಓಡಿಬಂದು ಸೆರಗು ನೆಕ್ಕಿದಳು, ಎರಡು ತುತ್ತು ತಿಂದಳು, ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿ ಗೋಡೆಯ ಕಡೆ ಹೋಗಿ ಮಲಗಿದಳು. ನಾನು ಸೀರೆ ಹೊದ್ದವನು ಹಾಗೇ ಕೂತು ಅತ್ತೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಅವಳಿಗಾಗಿ ಬಾ.

ಮಾವ, ಅತ್ತೆಗೆ ನಮಸ್ಕಾರ ಹೇಳು. ನಿನ್ನ ಕಾಲು ಹಿಡಿಯಲು ಕಾದಿರುವ

ನಿನ್ನ ಮಗ
ಸತೀಶಕುಮಾರ

ತಾ.ಕ.: ಪತ್ರ ಮಡಿಸುವಾಗ ಕಾವ್ಯಾ ಬಂದು ಬಾಯಿ ಬಿಟ್ಟಳು. “ಆ ಬೋಗುಣ್ಯಾಗಿನ ನೆನಸಿದ ರೊಟ್ಟಿ ಅರ್ಧ ಅತ್ತಿಯವರ ತಿಂತಿದ್ರರಿ. ವರ್ಷಾತು, ಅವರ ಒಸಡಿನಾಗೂ ರಕ್ತ ಬರತೈತಿ, ಹಲ್ಲು ಅಲಗಾಡತಾವ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ರು.” ಅವ್ವಾ, ಏಳು ಕುರಿಗಳ ಬಾಯಿ ತೆರೆದು ನೋಡಿದೆ, ನಿನ್ನ ಬಾಯಿ ಒಮ್ಮೆಯೂ ನೋಡಲಿಲ್ಲ. ನಾಳೆ ಮೊದಲ ಬಸ್ಸಿಗೆ ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಇಳಿದು ಕಾಯುತ್ತಿರುತ್ತೇನೆ. ಚಂದ್ರಿಯ ಮಾತು ಆಮೇಲೆ. ಮೊದಲು ನನ್ನ ಜೊತೆ ವಿಜಯಪುರಕ್ಕೆ ಬಾ, ಸ್ಟೇಷನ್ ರಸ್ತೆಯ ಹಲ್ಲಿನ ಡಾಕ್ಟರರ ಹತ್ತಿರ ಈಗಷ್ಟೇ ಫೋನು ಮಾಡಿ ನಿನ್ನ ಹೆಸರು ಬರೆಸಿದ್ದೇನೆ.