ನನ್ನ ಹೆಂಡತಿಯ ನೇರಳೆ ಶೂ ಮತ್ತು ನಿಮ್ಮ ರಾಜಧಾನಿಯ ಉಳಿದ ಏಳು ಸ್ಥಳಗಳು

ಲಂಡನ್ ರಾಜಧಾನಿಯ ಪ್ರೇಕ್ಷಣೀಯ ಸ್ಥಳಗಳ ಉಸ್ತುವಾರಿ ಹೊತ್ತ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಾವಲಿನವರು ಹೋದ ತಿಂಗಳು ಒಂದು ದೊಡ್ಡ ಚರ್ಚಿನ ಬಾಗಿಲಿನಿಂದ ನನ್ನ ಹೆಂಡತಿಯ ಶೂಗಳನ್ನು ಎತ್ತಿಕೊಂಡು ಹೋಗಿದ್ದಾರೆ. ನೇರಳೆ ಬಣ್ಣ, ಬಿಳಿ ಲೇಸು. ಅವನ್ನು ವಾಪಸು ಕೊಡಿ. ಪತ್ರದ ವಿಷಯ ಇಷ್ಟೇ. ತುರ್ತು ಕೆಲಸವಿದ್ದರೆ ನೀವು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹಿಂದೆ ಇಂಗ್ಲಿಷಿನಲ್ಲಿ ಬರೆದಾಗಲೂ ನೀವು ಇಲ್ಲಿಗೇ ನಿಲ್ಲಿಸಿದಿರಿ ಎಂಬ ಅನುಮಾನ ನನಗಿದೆ. ಕುಂದಾಪುರದ ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷ್ ಅದು. 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ 'ಯುವರ್ಸ್ ಒಬೀಡಿಯಂಟ್ಲಿ' ಎಂದು ಮುಗಿಸಿದ್ದೆ. ಬೇಡಿದ್ದಕ್ಕೂ ವಿಧೇಯನಾಗಿದ್ದಕ್ಕೂ ಸಿಕ್ಕ ಉತ್ತರ ಒಂದೇ: 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.' ಅನಿಸಿಕೆ ಅಲ್ಲ ಸ್ವಾಮೀ, ಶೂ! ಆದ್ದರಿಂದ ಈ ಸಲ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅನುವಾದದ ಕಷ್ಟ ಇನ್ನು ನಿಮ್ಮದು. ಇಷ್ಟು ವರ್ಷ ನಾನು ಪಟ್ಟಾಯಿತು.

ನಾನು ವುಲ್ವರ್‌ಹ್ಯಾಂಪ್ಟನ್ನಿನವನು. ನನ್ನ ಹೆಂಡತಿ ಚಿತ್ರಾಕ್ಷಿ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತಳಾದವಳು. ಊರಿನಿಂದ ಬಂದ ನೆಂಟರೆಲ್ಲ ನಿಮ್ಮ ರಾಜಧಾನಿ ನೋಡಿಕೊಂಡು ಹೋದರು. ಅವರನ್ನು ಕರೆದೊಯ್ಯುವ ಕೆಲಸ ನನ್ನದು, ಚಪಾತಿ ಕಟ್ಟಿಕೊಡುವ ಕೆಲಸ ಅವಳದು. ನೆಂಟರು ಬಂದ ದಿನ ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಅವಳಿಗೆ ರಜೆ ಇರುತ್ತಿರಲಿಲ್ಲ, ರಜೆ ಇದ್ದ ದಿನ ನೆಂಟರು ಬರುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಉಡುಪಿಯಿಂದ ತಂಗಿ ಲೀಲಾವತಿಯನ್ನು ಕರೆಸಿ, ಇಬ್ಬರೂ ಸೇರಿ ಲಂಡನ್ ನೋಡುವುದೆಂದು ನಿಶ್ಚಯಿಸಿದಳು. ನಡೆಯಲಿಕ್ಕೆಂದು ಈ ಶೂ ತಂದಳು. ನಿಮ್ಮದೇ ಕರಪತ್ರ, 'ನೋಡಲೇಬೇಕಾದ ಹತ್ತು ಸ್ಥಳಗಳು' ಎಂಬುದನ್ನು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತಂಗಿಯ ವೀಸಾ ಬರುವ ಮೊದಲೇ ಚಿತ್ರಾಕ್ಷಿ ತೀರಿಕೊಂಡಳು. ಶೂ ಡಬ್ಬದಲ್ಲೇ ಉಳಿಯಿತು.

ಹೋದ ತಿಂಗಳು ಲೀಲಾವತಿ ಬಂದಳು. ಡಬ್ಬ ತೆರೆದು, ಶೂ ಹಾಕಿ ನೋಡಿ, "ಭಾವ, ನಂಗೆ ಸರೀ ಆಗ್ತದೆ. ಅಕ್ಕ ಅಂತೂ ನೋಡ್ಲಿಲ್ಲ, ಅವಳ ಶೂ ಆದ್ರೂ ಹತ್ತು ಜಾಗ ಸುತ್ತಿ ಬರ್ಲಿ" ಎಂದಳು. ಇದಕ್ಕೆ ಬೇಡ ಎನ್ನುವ ಗಂಡಸು ಯಾರಿದ್ದಾನೆ? ಬೆಳಗಿನ ರೈಲು ಹತ್ತಿದೆವು.

ನಿಮ್ಮ ಪಟ್ಟಿಯ ಮೊದಲನೆಯದು ಅರಮನೆ. ತುಪ್ಪಳದ ಟೋಪಿಯ ಕಾವಲುಗಾರ ಕಣ್ಣು ಮಿಟುಕಿಸದೆ ನಿಂತಿದ್ದ. "ಪಾಪ, ಈ ಹುಡುಗನಿಗೆ ಒಂದು ಲೋಟ ಮಜ್ಜಿಗೆ ಕೊಡುವವರಿಲ್ವಾ?" ಎಂದು ಲೀಲಾವತಿ ಮರುಗಿದಳು. ಎರಡನೆಯದು ಗಡಿಯಾರದ ಗೋಪುರ. ಅದನ್ನು ನೋಡಿ, ನನ್ನ ಕೈ ನೋಡಿ, "ನಿಮ್ಮ ವಾಚು ನಿಂತಿದೆಯಾ ಭಾವ? ಗಂಟೆ ನೋಡ್ಲಿಕ್ಕೆ ಇಷ್ಟು ದೂರ ಕರ್ಕೊಂಡು ಬಂದ್ರಲ್ಲ ಮಾರಾಯ್ರೆ" ಎಂದಳು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ತಪ್ಪು ಶುರುವಾಗುವುದು ಮೂರನೆಯದರಲ್ಲಿ.

ಮೂರನೆಯದು ಚರ್ಚು. ನಾನು ಟಿಕೆಟ್ಟಿನ ಸಾಲಿನಲ್ಲಿದ್ದೆ. ಲೀಲಾವತಿ ಹೊರಗಿನ ಕಂಬದ ಬುಡದಲ್ಲಿ ಶೂ ಕಳಚಿ, ಸಾಕ್ಸನ್ನು ಮಡಚಿ ಅದರೊಳಗೇ ಇಟ್ಟು, ಅಚ್ಚುಕಟ್ಟಾಗಿ ಜೋಡಿಸಿಟ್ಟು ಬಂದದ್ದು ನನ್ನ ಗಮನಕ್ಕೆ ಬರುವಷ್ಟರಲ್ಲಿ, ಅವಳು ಒಳಗೆ ಬರಿಗಾಲಲ್ಲಿ ಅರ್ಧ ಪ್ರದಕ್ಷಿಣೆ ಮುಗಿಸಿದ್ದಳು. ಈಗ ನೀವೇ ನ್ಯಾಯ ಹೇಳಿ. ದೇವರ ಮನೆಗೆ ಶೂ ಹಾಕಿಕೊಂಡೇ ನುಗ್ಗಬೇಕೆಂದು ಅವಳಿಗೆ ಹೇಳಿದವರು ಯಾರು? ನಿಮ್ಮ ಕರಪತ್ರದಲ್ಲಿ ಗುಮ್ಮಟದ ಎತ್ತರವಿದೆ, ಕಟ್ಟಿದವರ ವಂಶಾವಳಿ ಇದೆ, ನೆಲಮಾಳಿಗೆಯಲ್ಲಿ ಯಾವ ಕೇಕು ಸಿಗುತ್ತದೆ ಎಂಬ ಮಾಹಿತಿಯೂ ಇದೆ. 'ದಯವಿಟ್ಟು ಪಾದರಕ್ಷೆ ಕಳಚಬೇಡಿ' ಎಂಬ ಒಂದು ಸಾಲು ಇಲ್ಲ. ನಮ್ಮೂರಿನ ಸಣ್ಣ ದೇವಸ್ಥಾನದ ಹೊರಗೂ ಒಬ್ಬ ಕೂತಿರುತ್ತಾನೆ. ಚಪ್ಪಲಿ ತೆಗೆದುಕೊಂಡು ಟೋಕನ್ ಕೊಡುತ್ತಾನೆ, ಟೋಕನ್ ತೆಗೆದುಕೊಂಡು ಚಪ್ಪಲಿ ಕೊಡುತ್ತಾನೆ. ಅರ್ಧ ಭೂಮಂಡಲ ಆಳಿದವರಿಗೆ ಒಂದು ಚಪ್ಪಲಿ ಸ್ಟ್ಯಾಂಡ್ ಇಡಲು ತಿಳಿಯಲಿಲ್ಲವೇ?

ಹೊರಗೆ ಬಂದರೆ ಕಂಬದ ಸುತ್ತ ತಡೆಪಟ್ಟಿ ಕಟ್ಟಿದ್ದಾರೆ, ಜನರನ್ನು ದೂರ ತಳ್ಳುತ್ತಿದ್ದಾರೆ, ಒಂದು ನಾಯಿ ನನ್ನ ಹೆಂಡತಿಯ ಶೂ ಮೂಸುತ್ತಿದೆ. ವಾರಸುದಾರರಿಲ್ಲದ ವಸ್ತುವಂತೆ! ಬಾಂಬು ಇಡುವವನು ಸಾಕ್ಸು ಮಡಚಿಡುತ್ತಾನೆಯೇ? ನಾಯಿ ನಿರಾಸೆಯಿಂದ ಹಿಂದೆ ಸರಿದ ಮೇಲೆ ನಿಮ್ಮ ಕಾವಲಿನವನು ಲೀಲಾವತಿಯನ್ನು ಕೇಳಿದ, "ಇವು ನಿಮ್ಮವಾ?"

"ನೋ ನೋ, ಮೈ ಸಿಸ್ಟರ್ಸ್" ಎಂದಳು. ಅವಳೇ ಹಾಕಿಕೊಂಡು ಬಂದದ್ದು ನಿಜ. ಆದರೆ ಅಕ್ಕನ ವಸ್ತುವನ್ನು ಚರ್ಚಿನ ಎದುರು ನಿಂತು ತನ್ನದು ಎನ್ನುವುದುಂಟೇ?

"ಸಿಸ್ಟರ್ ಎಲ್ಲಿದ್ದಾರೆ?" ಆತ ನನ್ನ ಕಡೆ ತಿರುಗಿದ.

ಸತ್ತಳು ಎಂದು ಬೀದಿಯಲ್ಲಿ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಲೇಜಿನ ಇಂಗ್ಲಿಷ್ ಇರುವುದು ಇಂಥ ಹೊತ್ತಿಗೇ ಅಲ್ಲವೇ? "ಸರ್, ಶೀ ಹ್ಯಾಸ್ ಲೆಫ್ಟ್ ಫಾರ್ ದಿ ಹೆವನ್ಲಿ ಅಬೋಡ್" ಎಂದೆ.

"ಯಾವಾಗ?"

"ಲಾಸ್ಟ್ ಇಯರ್."

ಆತ ಶೂ ನೋಡಿದ. ಗುಮ್ಮಟ ನೋಡಿದ. ರೇಡಿಯೋ ತೆಗೆದು ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ತೀರ್ಮಾನಿಸಿದ್ದು ಏನೆಂದರೆ, ಮಾಲೀಕರು ಖುದ್ದಾಗಿ ಬಂದರೆ ಮಾತ್ರ ಕೊಡುವುದು. ಶೂ ಒಂದು ಪಾರದರ್ಶಕ ಚೀಲದೊಳಗೆ ಹೋಯಿತು. ಚೀಲ ನಿಮ್ಮ ಉಗ್ರಾಣಕ್ಕೆ ಹೋಯಿತು.

ಲೀಲಾವತಿಯ ಕಾಲಿಗೆ ಏನಾದರೂ ಬೇಕಲ್ಲ? ಹತ್ತಿರವಿದ್ದದ್ದು ನೆನಪಿನ ಕಾಣಿಕೆ ಮಾರುವ ಅಂಗಡಿ. ಅಲ್ಲಿದ್ದದ್ದು ನಿಮ್ಮ ಬಾವುಟ ಅಚ್ಚಾದ ರಬ್ಬರ್ ಚಪ್ಪಲಿ. "ಭಾವ, ಬಾವುಟ ಅಲ್ವಾ ಇದು? ಕಾಲಡಿಗೆ ಹಾಕಿದ್ರೆ ಹಿಡ್ಕೊಂಡು ಹೋಗುದಿಲ್ವಾ?"

"ಅವರೇ ಮಾರುವುದು, ಹಾಕು ಮಾರಾಯ್ತಿ."

ಹಾಕಿದಳು. ಆದರೆ ಕಾಲು ಜಾರಿದಾಗಲೆಲ್ಲ ಬಗ್ಗಿ ಬಾವುಟ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಿಮ್ಮ ಬಾವುಟಕ್ಕೆ ಅಷ್ಟು ಗೌರವ ಕೊಟ್ಟವರನ್ನು ಆ ಬೀದಿ ಹಿಂದೆಂದೂ ಕಂಡಿರಲಾರದು. ನಾಲ್ಕನೆಯ ಜಾಗಕ್ಕೆ ಹೋಗೋಣವೇ ಎಂದು ಕೇಳಿದೆ. "ಅಕ್ಕನನ್ನು ಬಿಟ್ಟು ಹೇಗೆ ಹೋಗುದು?" ಎಂದಳು. ಮಧ್ಯಾಹ್ನದ ರೈಲಿಗೇ ಹಿಂದಿರುಗಿದೆವು. ಕಟ್ಟಿಕೊಂಡು ಹೋಗಿದ್ದ ಚಪಾತಿ ರೈಲಿನಲ್ಲಿ ತಿಂದೆವು.

ಆಮೇಲೆ ನಿಮ್ಮ ಕಚೇರಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿದಿರಿ, ಬಹಳ ಹೊತ್ತು ಕೇಳಿಸಿದಿರಿ. ಕೊನೆಗೆ ಒಬ್ಬ ಹುಡುಗಿ, ಒಳ್ಳೆಯ ಹುಡುಗಿಯೇ, "ಓನರ್ ಜೊತೆ ಮಾತಾಡಬಹುದಾ?" ಎಂದು ಕೇಳಿದಳು. "ಮೇಡಂ, ಐ ಆಲ್ಸೋ ವುಡ್ ಲೈಕ್ ದಟ್" ಎಂದೆ. ಆಮೇಲೆ ಮೆಲ್ಲಗೆ, ಹಾಗಾದರೆ ಕೊಂಡ ರಸೀದಿ ಇದೆಯಾ ಎಂದಳು. ನಿಮ್ಮ ಪಟ್ಟಿಯ ನಾಲ್ಕನೆಯ ಸ್ಥಳ ಮ್ಯೂಸಿಯಂ ಅಲ್ಲವೇ? ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಪರದೇಶದ ದೇವರುಗಳ ರಸೀದಿ ಯಾವ ಕಪಾಟಿನಲ್ಲಿದೆ ಎಂದು ವಿಧೇಯನಾಗಿ ಕೇಳುತ್ತೇನೆ. ನಿಮ್ಮದನ್ನು ತೋರಿಸಿ, ನನ್ನದನ್ನು ಹುಡುಕುತ್ತೇನೆ.

"ಡ್ಯಾಡ್, ಇಟ್ಸ್ ಜಸ್ಟ್ ಶೂಸ್" ಎನ್ನುತ್ತಾಳೆ ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಚರಿಷ್ಮಾ. ಹೇಳಿದವಳೇ ಮಾರನೆಯ ದಿನ ಫೋನು ಮಾಡಿ, "ಎನಿ ನ್ಯೂಸ್?" ಎಂದು ಕೇಳುತ್ತಾಳೆ.

ನನ್ನ ಬೇಡಿಕೆ ಹೀಗಿದೆ. ಮುಂದಿನ ತಿಂಗಳು ಲೀಲಾವತಿ ಊರಿಗೆ ಹೊರಡುತ್ತಾಳೆ. ಅದಕ್ಕೆ ಮೊದಲು ಶೂ ನಮ್ಮ ಮನೆ ಸೇರಬೇಕು. ಸೇರಿದ ಮರುದಿನವೇ ಉಳಿದ ಏಳು ಸ್ಥಳಗಳಿಗೆ ಹೊರಡುತ್ತೇವೆ. ಅದರಲ್ಲಿ ಇನ್ನೂ ಒಂದು ಚರ್ಚು ಇದೆ ಎಂದು ನನಗೆ ಗೊತ್ತು. ಅಲ್ಲಿಯೂ ಅವಳು ಕಳಚಿಯೇ ಕಳಚುತ್ತಾಳೆ. ಹೇಳಿ ನೋಡಿದೆ, ಕೇಳುವವಳಲ್ಲ. ನೀವು ಸ್ಟ್ಯಾಂಡ್ ಇಡದಿದ್ದರೂ ಅಡ್ಡಿಯಿಲ್ಲ. ಒಳಗೆ ಏನೇನಿದೆ ಎಂದು ಅವಳೇ ನೋಡಿ ಬಂದು ಹೇಳಲಿ. ನಾನು ಬಾಗಿಲಲ್ಲೇ ನಿಲ್ಲುತ್ತೇನೆ, ಎರಡೂ ಶೂಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಆಗ ಅವಕ್ಕೆ ವಾರಸುದಾರರಿಲ್ಲ ಎಂದು ಹೇಗೆ ಹೇಳುತ್ತೀರೋ ನೋಡುತ್ತೇನೆ.

ಇಂತಿ,
ಇನ್ನು ಮುಂದೆ ಒಬೀಡಿಯಂಟ್ ಅಲ್ಲದ,
ಚಿತ್ರಾಕ್ಷಿಯ ಗಂಡ ಭುಜಂಗ
ವುಲ್ವರ್‌ಹ್ಯಾಂಪ್ಟನ್