ನಿಮ್ಮಪ್ಪ ಗೊಣಗುತ್ತಿರಲಿಲ್ಲ

ಮನೆಯಿಂದ,
ಮಾರ್ಚ್ ೧೪, ಬೆಳಗ್ಗೆ ಹತ್ತೂವರೆ

ಪ್ರೀತಿಯ ಚಿನ್ನು,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ರಸ್ತೆ ಅಳೆಯುವ ಆ ಮುಕ್ಕಾಲಿಯನ್ನು ದಿನವೆಲ್ಲ ಒಂದೇ ಹೆಗಲ ಮೇಲೆ ಹೊತ್ತು ತಿರುಗಬೇಡ, ಬದಲಾಯಿಸುತ್ತಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಅಂದರೆ, ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಅಷ್ಟೇ. ಈ ಕಾಗದ ಶುರುಮಾಡಿದ ಮೇಲೆ ಎರಡು ಸಲ ಎದ್ದು, ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ಇರುವುದು ಎರಡು ಕೋಣೆ. ಫೋನಿನಲ್ಲಿ ಹೇಳಿದರೆ ಎಲ್ಲ ನಿಮ್ಮಪ್ಪನ ಕಿವಿಗೆ ಬೀಳುತ್ತದೆ. ಈಗ ಸ್ನಾನಕ್ಕೆ ಹೋಗಿದ್ದಾರೆ. ಅಂಗಿಯ ಗುಂಡಿ ಹಾಕಿಕೊಂಡು ಬರುವಷ್ಟರಲ್ಲಿ ಮುಗಿಸಬೇಕು. ಗುಂಡಿಗೂ ಈಗೀಗ ಬಹಳ ಹೊತ್ತು ಹಿಡಿಯುತ್ತದೆ.

ನಿಮ್ಮಪ್ಪ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿಲ್ಲ. ರಜೆ ಹಾಕಿದ್ದಾರೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಕಳೆದ ತಿಂಗಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿಗೆ ಕಲಿಸುತ್ತಿದ್ದಾಗ, ತಿರುವಿನಲ್ಲಿ ಕಾರು ಫುಟ್‌ಪಾತ್ ಹತ್ತಿ ಔಷಧಿ ಅಂಗಡಿಯ ಮೆಟ್ಟಿಲಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡ. ಆದರೆ ಆ ಹುಡುಗಿ ಅಳುತ್ತಾ, "ಸಾರ್ ಬ್ರೇಕ್ ಹಾಕು ಅಂತ ಹೇಳಲೇ ಇಲ್ಲ" ಅಂದಳಂತೆ. ಇವರು "ಮೂರು ಸಲ ಕಿರುಚಿದೆ" ಅಂದರಂತೆ. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನಾದರೂ ಯಾಕೆ ತುಳಿಯಲಿಲ್ಲ ಎಂದು ಮಾಲೀಕರು ಕೇಳಿದ್ದಕ್ಕೆ, "ತುಳಿದೆ, ಕಾಲು ತಡವಾಗಿ ಹೋಯ್ತು" ಅಂದರಂತೆ. ಇಪ್ಪತ್ತಾರು ವರ್ಷ ಕಲಿಸಿದ ಮನುಷ್ಯ. ಕೀ ಗೊಂಚಲನ್ನು ಮಾಲೀಕರ ಮೇಜಿನ ಮೇಲಿಟ್ಟು ಬಂದುಬಿಟ್ಟರು. ನಾನೂ ನಂಬಲಿಲ್ಲ ಚಿನ್ನು. ತೂಕಡಿಸಿರಬೇಕು, ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. "ನನ್ನ ಹತ್ರ ಆದ್ರೂ ನಿಜ ಹೇಳ್ರೀ" ಅಂದೆ. ಏನೋ ಅಂದರು. "ಗೊಣಗಬೇಡಿ, ಬಾಯಿ ಬಿಟ್ಟು ಮಾತಾಡಿ" ಎಂದು ರೇಗಿದೆ.

ಅವರ ಮಾತು ನನಗೆ ಸರಿಯಾಗಿ ಕೇಳಿಸದೆ ವರ್ಷದ ಮೇಲಾಗಿತ್ತು. ಹೊಲಿಗೆ ಯಂತ್ರದ ಸದ್ದಿಗೆ ನನ್ನ ಕಿವಿ ಹೋಗಿದೆ ಎಂದು ಅವರು, ಇವರೇ ಗೊಣಗುತ್ತಾರೆ ಎಂದು ನಾನು. ದಿನಾ ಇದೇ ಜಗಳ. ಕೊನೆಗೆ ಅವರ ಬಾಯಿ ಮುಚ್ಚಿಸಲೆಂದೇ ಕಿವಿ ಗಂಟಲಿನ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋದೆ. ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದರು. "ಕಿವಿ ಚೆನ್ನಾಗಿದೆಯಲ್ಲಮ್ಮ, ಯಾರ ಮಾತು ಕೇಳಲ್ಲ ನಿಮಗೆ?" ಅಂದರು. "ಗಂಡನ ಮಾತು ಮಾತ್ರ ಕೇಳಲ್ಲ" ಅಂದೆ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರು ನಗಲಿಲ್ಲ. ಇವರನ್ನು ಒಳಗೆ ಕರೆದು ಮಾತಾಡಿಸಿದರು, ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ನಾಲ್ಕು ಸಾಲು ಬರೆಸಿದರು. ಕೊನೆಯ ಸಾಲಿಗೆ ಬರುವಾಗ ಅಕ್ಷರ ಇರುವೆಯಷ್ಟಾಗಿತ್ತು. ಕಾರಿಡಾರಿನಲ್ಲಿ ನಡೆಸಿದರು. ಬಲಗೈ ಬೀಸುತ್ತಲೇ ಇರಲಿಲ್ಲ. ದಿನಾ ಜೊತೆಗೆ ನಡೆಯುವ ನನಗೆ ಅದು ಕಂಡೇ ಇರಲಿಲ್ಲ! ನರಗಳ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಪಾರ್ಕಿನ್ಸನ್ ಅಂತೆ. ಅದು ಕೈ ನಡುಗುವ ಕಾಯಿಲೆ ಎಂದಷ್ಟೇ ನನಗೆ ಗೊತ್ತಿತ್ತು. ಕೆಲವರಿಗೆ ಕೈ ನಡುಗುವ ಮೊದಲೇ ದನಿ ಕುಗ್ಗುತ್ತದಂತೆ. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಎಂಬ ಅಂದಾಜೇ ಮಿದುಳಿಗೆ ತಪ್ಪಿಹೋಗುತ್ತದೆ. ಕಿರುಚಿದೆ ಅಂದುಕೊಂಡಿರುತ್ತಾರೆ, ಹೊರಗೆ ಬರುವುದು ಪಿಸುಮಾತು. ದನಿಯ ತರಬೇತಿ ಕೊಡುವವಳು ಇವರ ಮಾತನ್ನು ರೆಕಾರ್ಡ್ ಮಾಡಿ ಕೇಳಿಸಿದಳು. "ಇದು ಯಾರದು?" ಅಂದರು. "ನಿಮ್ಮದೇ ಸಾರ್." ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಹುಡುಗಿ ಸುಳ್ಳು ಹೇಳಿರ್ಲಿಲ್ಲ ಕಣೇ" ಅಂದರು. ನೀವೂ ಸುಳ್ಳು ಹೇಳಿರಲಿಲ್ಲ ಎಂದು ಬಸ್ಸಿನಲ್ಲಿ ಕೈ ಹಿಡಿದುಕೊಂಡು ಹೇಳಿದೆ. ಮಾರನೆಯ ದಿನ ಆ ಹುಡುಗಿಯ ಬ್ಯಾಂಕಿಗೆ ಹೊರಟೇಬಿಟ್ಟರು, ನಾನೂ ಜೊತೆಗೆ ಹೋದೆ. ಕೌಂಟರಿನ ಗಾಜಿನ ಮುಂದೆ ನಿಂತು "ನಿನ್ನ ತಪ್ಪಿಲ್ಲಮ್ಮ" ಅಂದರು. ಅವಳಿಗೆ ಕೇಳಿಸಲಿಲ್ಲ. ಚೀಟಿಯಲ್ಲಿ ಬರೆದರು, ಅಕ್ಷರ ಓದಲಾಗಲಿಲ್ಲ. ಕೊನೆಗೆ ನಾನೇ ಹೇಳಿದೆ.

ಈಗ ದನಿಯ ಅಭ್ಯಾಸಕ್ಕೆಂದು ಅವರು ದಿನಾ ಎರಡು ಹೊತ್ತು ಉಸಿರು ತುಂಬಿಕೊಂಡು "ಆ..." ಎಂದು ಎಳೆಯಬೇಕು. ಮೊದಲ ದಿನ ಕೆಳಮನೆಯಾಕೆ ಓಡಿ ಬಂದು, "ಏನಾಯ್ತ್ರೀ, ಬಿದ್ದುಬಿಟ್ರಾ?" ಅಂದಳು. "ಜೋರಾಗಿ ಮಾತಾಡಿದ್ರೆ ನಿನ್ನ ಮೇಲೆ ರೇಗಿದ ಹಾಗೆ ಅನ್ಸುತ್ತೆ ಕಣೇ" ಅನ್ನುತ್ತಾರೆ ನಿಮ್ಮಪ್ಪ. "ರೇಗ್ರೀ" ಅಂದೆ. ಮಾತ್ರೆಯಿಂದ ನಡಿಗೆ ಸುಧಾರಿಸಬಹುದು, ದನಿಗೆ ಮಾತ್ರೆಯನ್ನೇ ನಂಬಬೇಡಿ ಎಂದಿದ್ದಾರೆ ಡಾಕ್ಟರು. ಅಭ್ಯಾಸ ಬಿಟ್ಟರೆ ಮತ್ತೆ ಕುಗ್ಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ. ಬಟ್ಟೆ ಕತ್ತರಿಸಲು ಕೂತರೂ ಇದೇ ತಲೆಯಲ್ಲಿ. ನಿನ್ನೆ ಒಂದು ತೋಳನ್ನು ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ. ಒಂದು ವರ್ಷ ಬೈದೆನಲ್ಲ, ಅದನ್ನು ಬಿಚ್ಚುವುದು ಹೇಗೆ?

ನೀನು ಕೆಲಸ ಬಿಟ್ಟು ಓಡಿ ಬರಬೇಡ. ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಮ್ಮ

ಮರೆತೆ: ಮುಖ್ಯವಾದದ್ದನ್ನೇ ಬಿಟ್ಟೆ. ನೀರಿನ ಸದ್ದು ನಿಂತಿತು, ಬೇಗ ಬರೆಯುತ್ತೇನೆ. ಫೋನಿನಲ್ಲಿ ನಿಮ್ಮಪ್ಪ ಎರಡು ಮಾತಾಡಿ ನನ್ನ ಕೈಗೆ ಕೊಟ್ಟುಬಿಡುವುದು ನಿನ್ನ ಮೇಲಿನ ಕೋಪಕ್ಕಲ್ಲ. ನೀನು "ಆಂ? ಆಂ?" ಅಂತೀಯ, ಆಮೇಲೆ "ಹೋಗ್ಲಿ ಬಿಡಪ್ಪ, ಅಮ್ಮಂಗೆ ಕೊಡು" ಅಂತೀಯ. ಅಭ್ಯಾಸಕ್ಕೆ ದಿನಾ ಅರ್ಧ ಗಂಟೆ ಯಾರಾದರೂ ಫೋನಿನಲ್ಲೇ ಮಾತಾಡಿಸಬೇಕಂತೆ. ನಾನು ಎದುರಿಗಿರುತ್ತೇನೆ, ತುಟಿ ನೋಡಿ ಊಹಿಸಿಬಿಡುತ್ತೇನೆ, ನನ್ನಿಂದ ಆಗುವುದಿಲ್ಲ. ಸಂಜೆ ಐದಕ್ಕೆ ಅವರ ನಂಬರಿಗೇ ಮಾಡು. ಕೇಳಿಸದಿದ್ದರೆ ಬಿಡು ಅನ್ನಬೇಡ, "ಜೋರಾಗಿ ಅಪ್ಪಾ" ಅನ್ನು. ಎಷ್ಟು ಸಲ ಬೇಕಾದರೂ ಅನ್ನು.