ಜಾಣ ಹುಡುಗಿಯ ಪ್ರಶ್ನೆ

ಮೇಷ್ಟ್ರೇ,

ನೀವು ತೀರಿಕೊಂಡ ಮೇಲೆ ನಿಮ್ಮ ತರಗತಿಯನ್ನು ನನ್ನ ಸಹಪಾಠಿಗೇ ಕೊಟ್ಟರು. ಇವತ್ತು ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ಕೇಳಿದೆ. ಬೋರ್ಡಿನ ಮೇಲೆ ‘ಜಾಣ ಹುಡುಗಿಯ ಪ್ರಶ್ನೆ’ ಎಂದು ಬರೆದಳು. ಪದಗಳು ಸುಮ್ಮನೆ ಸಾಲು ನಿಲ್ಲುವುದಿಲ್ಲ, ಮೊದಲು ಎರಡು ಕೂಡಿ ಒಂದಾಗುತ್ತವೆ, ಆಮೇಲೆ ಮೂರನೆಯದು ಸೇರುತ್ತದೆ ಎಂದಳು. ‘ಜಾಣ’ ಮೊದಲೇ ಹುಡುಗಿಯೊಂದಿಗೆ ಕೂಡಿದರೆ ಹುಡುಗಿ ಜಾಣೆ. ‘ಹುಡುಗಿಯ ಪ್ರಶ್ನೆ’ ಕೂಡಿದ ಮೇಲೆ ಕೊನೆಗೆ ಬಂದು ಸೇರಿದರೆ ಪ್ರಶ್ನೆಗಷ್ಟೇ ಆ ಹೊಗಳಿಕೆ.

“ಮೇಷ್ಟ್ರು ಈ ಉದಾಹರಣೇನ ನನಗೋಸ್ಕರಾನೇ ಮಾಡಿದ್ರು. ಹುಡುಗೀನೇ ಜಾಣೆ ಅಂದಿದ್ರು,” ಎಂದು ನಕ್ಕಳು.

ನನಗೋಸ್ಕರ ಮಾಡಿದ್ದು ಅಂತಲೇ ನನಗೂ ಹೇಳಿದ್ದಿರಿ. ಆದರೆ ನನ್ನ ಸಲ ಹೊಗಳಿದ್ದು ಪ್ರಶ್ನೆಯನ್ನು.

ಹೊರಗೆ ಬಂದಾಗ ಅವಳು ಕೇಳಿದಳು: “ನಿನಗೂ ಹೇಳಿದ್ರೇನೇ?”

“ಇಲ್ಲ ಕಣೇ, ಇವತ್ತೇ ಕೇಳಿದ್ದು,” ಎಂದೆ.